ಬದರಿಯ ಕೈಗೆ ಡ್ರಿಲ್ ಮಷಿನ್ ಕೊಟ್ಟದ್ದು

ಹೂಂಗುಟ್ಟುವವರು ಹತ್ತಿರ ಕೂತುಕೊಳ್ಳಿ. ನಿದ್ದೆ ಬರುವವರು ಗೋಡೆಗೆ ಒರಗಿಕೊಳ್ಳಿ. ಕತೆ ಗೋಡೆಗಳದ್ದೇ, ಒರಗುವ ಮೊದಲು ಸ್ವಲ್ಪ ನೋಡಿಕೊಳ್ಳಿ.

ಮಧುಗಿರಿಯ ಪೇಟೆ ಬೀದಿಯಲ್ಲಿ ಕನಕಮ್ಮ ಅಂತ ಒಬ್ಬಳಿದ್ದಳು. ಗಂಡ ಹೋದ ಮೇಲೆ ಕಬ್ಬಿಣದ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಮೊಳೆ, ಚಿಲಕ, ಪೈಪು, ಬಣ್ಣದ ಡಬ್ಬ, ಎಲ್ಲದರ ಬೆಲೆಯೂ ನಾಲಗೆ ತುದಿಯಲ್ಲಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವನು ಕೊಳ್ಳುವವನೋ, ಸುಮ್ಮನೆ ಬೆಲೆ ಕೇಳಿಕೊಂಡು ಹೋಗುವವನೋ ಅಂತ ಅಳೆದುಬಿಡುವಳು. ಅಷ್ಟು ಚುರುಕಿನ ಹೆಂಗಸಿಗೆ ಒಬ್ಬನೇ ಮಗ, ಬದರಿ.

ಬದರಿ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಮದುವೆ ವಯಸ್ಸಿಗೆ ಬಂದ ಗಂಡಸು. ಮೀಸೆ ಇದೆ, ಇಬ್ಬರ ಕೆಲಸ ಮಾಡುವ ತೋಳಿದೆ. ತೊಂದರೆ ಒಂದೇ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. "ಗಿರಾಕಿ ಬಂದರೆ ಕೂರಿಸು" ಅಂದರೆ ಕೂರಿಸುತ್ತಾನೆ. ಅವರು ಏಳಲು ಹೋದರೆ ಭುಜ ಒತ್ತಿ ಮತ್ತೆ ಕೂರಿಸುತ್ತಾನೆ. ಎಬ್ಬಿಸು ಅಂತ ಅಮ್ಮ ಹೇಳಿಲ್ಲವಲ್ಲ!

"ಊರಿನ ತಾಯಂದಿರೆಲ್ಲ ಮಕ್ಕಳು ಮಾತು ಕೇಳಲ್ಲ ಅಂತ ಅಳ್ತಾರೆ. ನನ್ನ ಮಗ ಕೇಳ್ತಾನಲ್ಲಪ್ಪಾ ಅಂತ ನಾನು ಅಳ್ಬೇಕು!" ಅಂತ ಕನಕಮ್ಮ ಹಣೆ ಹಣೆ ಚಚ್ಚಿಕೊಳ್ಳುವಳು.

ಒಂದು ಸೋಮವಾರ ಕಂಪನಿ ಏಜೆಂಟ್ ಸಂಪತ್ತು ಬಂದ. ಗಲ್ಲಾ ಮೇಲೆ ಒಂದು ಪೆಟ್ಟಿಗೆ ಇಟ್ಟ.

"ಡ್ರಿಲ್ ಮಷಿನ್ ಮೇಡಂ. ವೈರಿಲ್ಲ, ಬ್ಯಾಟರೀದು. ಮರ, ತಗಡು, ಗೋಡೆ ಎಲ್ಲಾನೂ ಕೊರಿಯತ್ತೆ. ಮೂತಿ ಹತ್ರ ಈ ಬಳೆ ಇದೆಯಲ್ಲ, ಇದನ್ನ ಸುತ್ತಿಗೆ ಗುರುತಿಗೆ ತಿರುಗಿಸಿದ್ರೆ ತಿರುಗ್ತಾ ತಿರುಗ್ತಾನೇ ಕುಟ್ಟತ್ತೆ. ಬೆಲೆ ಮಧ್ಯಮ."

ಮಧ್ಯಮ ಅಂದದ್ದೇ ಕನಕಮ್ಮನ ಹುಬ್ಬು ಗಂಟಾಯಿತು. ಅಗ್ಗದ ಮಷಿನ್ನು ಬೇಗ ಹೊಗೆಯಾಡುತ್ತದೆ ಅಂತ ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಆಮೇಲೆ ಜಗಳವಿಲ್ಲ. ದುಬಾರಿಯದ್ದನ್ನು ಕಂಟ್ರಾಕ್ಟರುಗಳು ಒಯ್ಯುತ್ತಾರೆ, ಅವರಿಗೆ ಯಾರ ಸಲಹೆಯೂ ಬೇಡ. ಮಧ್ಯದ್ದನ್ನು ಕೊಳ್ಳುವವನು ಸಂಸಾರಸ್ಥ, ಸಣ್ಣ ಕೆಲಸಗಾರ. ಅವನು ಅಂಗಡಿಯವರ ಮುಖ ನೋಡಿ ಕೊಳ್ಳುತ್ತಾನೆ. ಕೆಟ್ಟರೆ ತಂದು ಅದೇ ಮುಖಕ್ಕೆ ಹಿಡಿಯುತ್ತಾನೆ.

"ಊರಿಗೆ ಒಂದೇ ಅಂಗಡಿಗೆ ಕೊಡೋದು ಮೇಡಂ. ಶುಕ್ರವಾರ ಬರ್ತೀನಿ. ನೀವು ಹೂಂ ಅಂದ್ರೆ ನಿಮಗೆ. ಇಲ್ಲಾಂದ್ರೆ..." ಸಂಪತ್ತು ರಸ್ತೆಯಾಚೆ ನೋಡಿದ.

ರಸ್ತೆಯಾಚೆ ಗೋವರ್ಧನ ಶೆಟ್ಟರ ಅಂಗಡಿ. ಅದೂ ಕಬ್ಬಿಣದ ಅಂಗಡಿಯೇ. ಶೆಟ್ಟರು ಅಂಗಡಿ ಮುಂದಿನ ಕಾಂಕ್ರೀಟ್ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು, ಆಗಲೇ ಅರ್ಧ ಪೆಟ್ಟಿಗೆ ತಮ್ಮದಾದ ಹಾಗೆ ನಗುತ್ತಿದ್ದರು.

ಕನಕಮ್ಮನ ಗಂಡ ಒಂದು ಕಟ್ಟಳೆ ಮಾಡಿಟ್ಟಿದ್ದ. ಮನೆಯಲ್ಲಿ ಓಡಿಸದ ಸಾಮಾನನ್ನು ಅಂಗಡಿಯಲ್ಲಿ ಇಡಬಾರದು. ಊರು ಆ ಅಂಗಡಿಯನ್ನು ನಂಬಿದ್ದೇ ಅದಕ್ಕೆ. ಆದರೆ ಈಗ ಕನಕಮ್ಮ ಬಚ್ಚಲಲ್ಲಿ ಜಾರಿ, ಬಲಗೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದಾಳೆ. ಓಡಿಸುವವರು ಯಾರು?

ಬದರಿ ಮುಂದೆ ಬಂದು ನಿಂತ. ಕನಕಮ್ಮ ಅವನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಶೆಟ್ಟರನ್ನು ನೋಡಿದಳು. ಬೇರೆ ದಾರಿಯಿರಲಿಲ್ಲ.

"ನೋಡೋ, ಇದು ದಿನಬಳಕೆಗೆ ಆಗತ್ತಾ ಇಲ್ವಾ ಅಂತ ಶುಕ್ರವಾರದೊಳಗೆ ನನಗೆ ಗೊತ್ತಾಗ್ಬೇಕು. ಮೊದಲು ಬ್ಯಾಟರಿ ನೋಡು. ಪೂರ್ತಿ ಮುಗಿಯೋವರೆಗೂ ಸ್ವಿಚ್ಚಿಂದ ಬೆರಳು ತೆಗೀಬೇಡ."

"ಆಯ್ತಮ್ಮ!"

ಬದರಿ ಹಿತ್ತಲಿಗೆ ಹೋದ. ನಡುವೆ ನಿಂತ. ಮಷಿನ್ನನ್ನು ಮುಂದಕ್ಕೆ ಚಾಚಿ ಸ್ವಿಚ್ಚು ಒತ್ತಿದ. ಗರ್‌ರ್‌ರ್! ತಿರುಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಬಿಸಿಲು ತಲೆ ಮೇಲೆ ಬಂತು. ಮಣಿಕಟ್ಟು ಜೋಮು ಹಿಡಿಯಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಅಶ್ವತ್ಥಯ್ಯ ಕಾಂಪೌಂಡಿನಾಚೆಯಿಂದ ಇಣುಕಿದರು.

"ಏನೋ ಬದರಿ, ಅದೇನು ಕೊರೀತಿದ್ದೀಯೋ?"

"ಗೊತ್ತಿಲ್ಲ ಮೇಷ್ಟ್ರೇ. ಅಮ್ಮ ಅದೊಂದು ಹೇಳ್ಲಿಲ್ಲ."

ಕೊನೆಗೆ ಮಷಿನ್ನು ನಿಂತಿತು. ಬದರಿ ಬೆವರು ಒರೆಸಿಕೊಂಡು ಅಂಗಡಿಗೆ ಓಡಿದ. "ಅಮ್ಮಾ! ಓಡ್ತು, ಓಡ್ತು, ತುಂಬಾ ಹೊತ್ತು ಓಡ್ತು! ಕೈ ನೋಯ್ತು, ಮಷಿನ್ನು ಮಾತ್ರ ಬಿಸಿಯಾಗ್ಲಿಲ್ಲ!"

"ಭೇಷ್! ಎಷ್ಟು ತೂತು ಬಿತ್ತು?"

"ಯಾವುದಕ್ಕಮ್ಮ?"

"ನೀನು ಕೊರೆದಿದ್ದಕ್ಕೆ!"

"ಗಾಳಿ ಕೊರೆದೆ."

"ಅಯ್ಯೋ ಮಂಕೇ! ಗಾಳಿಗೆ ಯಾರಾದ್ರೂ ತೂತು ಹೊಡೀತಾರೇನೋ? ಗಾಳಿ ಕೊರೆಯೋಕೆ ಗಿರಾಕಿ ದುಡ್ಡು ಕೊಡ್ತಾನಾ? ಏನನ್ನಾದ್ರೂ ಕೊರೀಬೇಕು! ಬಳೇನ ಸುತ್ತಿಗೆ ಗುರುತಿಗೆ ತಿರುಗಿಸ್ಬೇಕು, ಎದೆ ಕೊಟ್ಟು ಒತ್ಬೇಕು, ಆ ಕಡೆ ಮೂತಿ ಬರೋವರೆಗೂ ಬಿಡಬಾರದು! ತಿಳೀತಾ?"

"ತಿಳೀತಮ್ಮ!"

ತಿಳಿದಿತ್ತು, ನಿಜ. ಆದರೂ ಬದರಿಗೆ ಒಂದು ಗೊಂದಲ. ಅಮ್ಮ ಹೇಳಿದ್ದು ಬೆರಳು ತೆಗೀಬೇಡ ಅಂತ. ಅವನು ತೆಗೆದಿರಲಿಲ್ಲ. ಹಾಗಾದರೆ ಬೈದದ್ದು ಯಾಕೆ? ಹೋಗಲಿ ಬಿಡು, ಈಗ ಹೊಸ ಮಾತು ಸಿಕ್ಕಿದೆ.

ಮಾರನೇ ದಿನ ಟೈಲರ್ ಇಂದ್ರಾಣಿ ಹೇಳಿಕಳಿಸಿದಳು. ಅವಳ ಅಂಗಡಿಯ ಪ್ಲೈವುಡ್ ಬೀರುವಿಗೆ ಹಿಡಿ ಕಿತ್ತುಹೋಗಿತ್ತು, ಸ್ಕ್ರೂ ಹಾಕಲು ಎರಡು ಸಣ್ಣ ತೂತು ಬೇಕು. ಬದರಿ ಬ್ಯಾಟರಿ ತುಂಬಿಸಿ, ಮಷಿನ್ನು ಹೆಗಲಿಗೇರಿಸಿ ಹೊರಟ. ಮರೆಯದಿರಲಿ ಅಂತ ದಾರಿಯುದ್ದಕ್ಕೂ ಹೇಳಿಕೊಂಡ. "ಸುತ್ತಿಗೆ ಗುರುತು, ಎದೆ ಕೊಟ್ಟು ಒತ್ತು, ಆ ಕಡೆ ಬರೋವರೆಗೂ ಬಿಡಬೇಡ. ಸುತ್ತಿಗೆ ಗುರುತು, ಎದೆ ಕೊಟ್ಟು ಒತ್ತು, ಆ ಕಡೆ ಬರೋವರೆಗೂ ಬಿಡಬೇಡ."

"ಬಾರಪ್ಪ, ಇಲ್ಲೊಂದು, ಇಲ್ಲೊಂದು. ಮದುವೆ ಮನೆ ರವಿಕೆಗಳೆಲ್ಲ ಒಳಗಿವೆ, ಸ್ವಲ್ಪ ನಾಜೂಕಾಗಿ ಮಾಡು," ಅಂದಳು ಇಂದ್ರಾಣಿ.

ಬದರಿ ಬಳೆ ತಿರುಗಿಸಿದ. ಬೀರುವಿಗೆ ಎದೆ ಕೊಟ್ಟ. ಗಡಗಡಗಡ! ಬಾಗಿಲು ದಾಟಿತು. ದಾಟಿದರೂ ಬದರಿ ಒತ್ತಿದ, ಆ ಕಡೆ ಇನ್ನೂ ಬಂದಿಲ್ಲವಲ್ಲ! ಒಳಗೆ ಏನೋ ಸುತ್ತಿಕೊಂಡಿತು. ಮಷಿನ್ನು ಕೈಯಲ್ಲೇ ಒದೆಯಿತು. ಆದರೂ ಒತ್ತಿದ. ಬೀರುವಿನ ಬೆನ್ನು ಹಲಗೆ ಸೀಳಿಕೊಂಡು ಮೂತಿ ಆ ಕಡೆ ಬಂತು. ಹಿಂದಕ್ಕೆ ಎಳೆದರೆ ಬಾಗಿಲೇ ಮುರಿದುಕೊಂಡು ಬಂತು, ಜೊತೆಗೆ ಕೆಂಪು, ಹಸಿರು, ಚಿನ್ನದ ಅಂಚು, ಎಲ್ಲ ರವಿಕೆಯೂ ಒಂದೇ ಉಂಡೆಯಾಗಿ ಮಷಿನ್ನಿನ ಮೂತಿಗೆ ಸುತ್ತಿಕೊಂಡಿತ್ತು.

"ಅಯ್ಯಯ್ಯೋ! ಹೆಣ್ಣಿನ ರವಿಕೆ! ಹೆಣ್ಣಿನ ತಾಯಿ ರವಿಕೆ! ಅತ್ತೇದು ಕೂಡಾ!"

"ಎಲ್ಲಾ ಒಂದರಲ್ಲೇ ಬಂತಕ್ಕ," ಅಂದ ಬದರಿ, ಹೆಮ್ಮೆಯಿಂದ.

ಅಂಗಡಿಗೆ ಬಂದಾಗ ಉಂಡೆ ಇನ್ನೂ ಮೂತಿಯಲ್ಲೇ ಇತ್ತು. ಕನಕಮ್ಮ ಎಡಗೈಯಲ್ಲಿ ಕತ್ತರಿ ಹಿಡಿದು ಬಿಡಿಸುತ್ತಾ ಬೈದಳು, ಬೈಯುತ್ತಾ ಬಿಡಿಸಿದಳು.

"ಎಬಡಾ! ಮರಕ್ಕೆ ಯಾರೋ ಸುತ್ತಿಗೆ ಕೊಡ್ತಾರೆ? ಮರಕ್ಕೆ ಮೆಲ್ಲಗೆ ಹೋಗ್ಬೇಕು! ಈ ಬಳೇಲಿ ನಂಬರಿದೆ ನೋಡು. ಒಂದನೇ ನಂಬರಿಗೆ ಇಡು. ಗಟ್ಟಿಯಾಗಿದ್ದು ಸಿಕ್ಕಿದ ಕೂಡ್ಲೇ ಮಷಿನ್ನೇ ಟರ್‌ರ್ ಅಂತ ಜಾರತ್ತೆ. ಟರ್‌ರ್ ಅಂದ್ರೆ ಸಾಕು ಅಂತ! ಅಲ್ಲಿಗೆ ನಿಲ್ಲಿಸು, ನಮಸ್ಕಾರ ಹೇಳು, ಎದ್ದು ಬಾ!"

"ಒಂದನೇ ನಂಬರು, ಟರ್‌ರ್, ನಮಸ್ಕಾರ," ಅಂದ ಬದರಿ.

ಒಳಗೊಳಗೇ ಅವನಿಗೆ ಲೆಕ್ಕ ಹತ್ತಲಿಲ್ಲ. ಆ ಕಡೆ ಬರೋವರೆಗೂ ಬಿಡಬೇಡ ಅಂದಳು, ಬಿಡಲಿಲ್ಲ. ಇಂದ್ರಾಣಿ ಅತ್ತಳು. ಅಮ್ಮ ರವಿಕೆ ಬಟ್ಟೆಯೆಲ್ಲ ಹೊಸದಾಗಿ ಕೊಡಿಸಬೇಕಾಯಿತು. ಹೇಳಿದ್ದು ಹೀಗೇ, ಮಾಡಿದ್ದೂ ಹೀಗೇ. ತಪ್ಪು ಎಲ್ಲಿ ನುಸುಳಿತು?

ಬುಧವಾರ ಸಲೂನಿನ ಮುನಿರಾಜು ಕರೆದ. ಹೊಸ ಅಂಗಡಿಗೆ ದೊಡ್ಡ ಕನ್ನಡಿ ತಂದಿದ್ದ, ಅದನ್ನು ಕಾಂಕ್ರೀಟ್ ಕಂಬಕ್ಕೆ ತೂಗುಹಾಕಬೇಕು. ಕುರ್ಚಿಯಲ್ಲಿ ಡೈರಿ ಸೆಕ್ರೆಟರಿ ಚೌಡಪ್ಪ ಕೂತಿದ್ದ. ಅರ್ಧ ಮುಖಕ್ಕೆ ಸೋಪು, ಅರ್ಧ ಮುಖ ನುಣ್ಣಗೆ.

"ಎರಡೇ ನಿಮಿಷ ಚೌಡಪ್ಪಣ್ಣ. ಬದರಣ್ಣ ತೂತು ಹೊಡೆಯೋವರೆಗೂ ಕನ್ನಡಿ ಹಿಡ್ಕೊಂಡಿರಿ, ಅಲ್ಲಾಡಬೇಡಿ. ನಾನು ಸ್ಕ್ರೂ ತರ್ತೀನಿ," ಅಂತ ಮುನಿರಾಜು ಹೊರಗೆ ಹೋದ.

ಬದರಿ ಬಳೆಯನ್ನು ಒಂದನೇ ನಂಬರಿಗೆ ಇಟ್ಟ. ಕಂಬಕ್ಕೆ ಮೆಲ್ಲಗೆ ತಾಗಿಸಿದ. ಟರ್‌ರ್!

"ನಮಸ್ಕಾರ!" ಅಂದ. ಎದ್ದು ಬಂದ.

ಮುನಿರಾಜುಗೆ ದಾರಿಯಲ್ಲಿ ಯಾರೋ ಸಿಕ್ಕಿದರು, ಕಾಫಿ ಆಯಿತು, ಮಾತಾಯಿತು. ತಿರುಗಿ ಬಂದರೆ ಚೌಡಪ್ಪ ಇನ್ನೂ ಕನ್ನಡಿ ಹಿಡಿದುಕೊಂಡೇ ನಿಂತಿದ್ದಾನೆ. ತೋಳು ನಡುಗುತ್ತಿದೆ, ಸೋಪು ಒಣಗಿ ಗೋಡೆಯ ಸುಣ್ಣದ ಹಾಗೆ ಉದುರುತ್ತಿದೆ. ಕಂಬದ ಮೇಲೆ ತೂತಿಲ್ಲ, ಸೊಳ್ಳೆ ಕಚ್ಚಿದಷ್ಟು ಗುರುತು.

ಚೌಡಪ್ಪ ಅದೇ ಮುಖ ಹೊತ್ತುಕೊಂಡು ನೇರ ಕನಕಮ್ಮನ ಅಂಗಡಿಗೆ ಬಂದ. "ಏನಮ್ಮಾ, ನಿನ್ನ ಮಗ ನನಗೆ ನಮಸ್ಕಾರ ಮಾಡಿ ಹೋದನಲ್ಲ, ಈ ಇನ್ನೊಂದು ಕೆನ್ನೆಗೆ ಯಾರು ದಿಕ್ಕು?"

ರಸ್ತೆಯಾಚೆ ಗೋವರ್ಧನ ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕನಕಮ್ಮಾ! ಮಷಿನ್ನು ಚೆನ್ನಾಗಿದೆಯಾ? ಸಂಪತ್ತು ಕೇಳಿದ್ರೆ ನಾನೂ ಒಂದು ಮಾತು ಹೇಳ್ತೀನಿ!"

ಕನಕಮ್ಮ ದಿನ ಎಣಿಸಿದಳು. ಉಳಿದಿರುವುದು ಇನ್ನು ಗುರುವಾರ ಒಂದೇ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಗೊತ್ತಿಲ್ಲ. ಗೊತ್ತಿಲ್ಲದೆ ಹೂಂ ಅಂದರೆ ಗಂಡನ ಕಟ್ಟಳೆ ಹೋಯಿತು, ಉಹೂಂ ಅಂದರೆ ಮಷಿನ್ನು ಶೆಟ್ಟರ ಅಂಗಡಿಗೆ ಹೋಯಿತು. ಮಷಿನ್ನು ಕೆಟ್ಟದ್ದೋ, ಮಗ ಕೆಟ್ಟವನೋ, ಬೇರ್ಪಡಿಸುವುದು ಹೇಗೆ?

"ಬೆಪ್ಪೇ! ಕಂಬ ಅಂದ್ರೆ ಮರ ಏನೋ? ಯಾವುದಕ್ಕೆ ಯಾವುದು ಅಂತ ನೋಡೋದು ಬೇಡ್ವಾ? ಇನ್ಮೇಲೆ ಮೊದಲು ಬೆರಳಲ್ಲಿ ತಟ್ಟು. ತಟ್ಟಿ, ಗೋಡೆ ಏನು ಹೇಳತ್ತೆ ಅಂತ ಕಿವಿಗೊಟ್ಟು ಕೇಳು. ಗೋಡೆ ಹೇಳಿದ ಹಾಗೆ ನೀನು ಮಾಡು!"

"ಗೋಡೆ ಮಾತಾಡತ್ತಾ ಅಮ್ಮ?"

"ಕೇಳೋ ಕಿವಿ ಇದ್ರೆ ಎಲ್ಲಾ ಮಾತಾಡತ್ತೆ! ಹೋಗು. ನಮ್ಮ ಅಡಿಗೆಮನೇಲೇ ಮಾಡು, ಬೇರೆಯವರ ಮನೆ ಬೇಡ. ಸಾರಿನಪುಡಿ ಡಬ್ಬ ಇಡೋಕೆ ಒಂದು ಹಲಗೆ ಹೊಡೆ."

ಆ ಬೀದಿಯ ಮನೆಗಳಿಗೆ ಒಂದು ವಿಶೇಷವಿದೆ. ಎರಡು ಮನೆಗೆ ನಡುವೆ ಒಂದೇ ಗೋಡೆ, ಅದೂ ಒಂದಿಟ್ಟಿಗೆಯ ತೆಳು ಗೋಡೆ. ಹೆಪ್ಪು ಬೇಕಾದರೆ ಗೋಡೆ ತಟ್ಟುತ್ತಾರೆ, ಪೇಪರು ಬೇಕಾದರೆ ಗೋಡೆ ತಟ್ಟುತ್ತಾರೆ. ಆಚೆಯವರು ಇದ್ದಲ್ಲಿಂದಲೇ ಕೂಗಿ ಉತ್ತರ ಕೊಡುತ್ತಾರೆ. ಕನಕಮ್ಮನ ಅಡಿಗೆಮನೆಯ ಗೋಡೆಯಾಚೆ ಅಶ್ವತ್ಥಯ್ಯ ಮೇಷ್ಟರ ಮಂಚ. ಊಟ ಮುಗಿಸಿ ಮೇಷ್ಟರು ಅದೇ ಗೋಡೆಗೆ ತಲೆದಿಂಬು ಒರಗಿಸಿಕೊಂಡು ಪೇಪರು ಓದುತ್ತಿದ್ದರು.

ಗುರುವಾರ ಮಧ್ಯಾಹ್ನ ಬದರಿ ಮಷಿನ್ನಿನ ಮೂತಿಗೆ ಕೊರೆಯುವ ಸಲಾಕೆಗಳಲ್ಲೇ ಅತಿ ಉದ್ದದ್ದನ್ನು ಸಿಕ್ಕಿಸಿಕೊಂಡು ಗೋಡೆ ಮುಂದೆ ನಿಂತ. ಬೆರಳಲ್ಲಿ ತಟ್ಟಿದ. ಟಕ್ ಟಕ್. ಕಿವಿಗೊಟ್ಟ.

ಗೋಡೆ ಹೇಳಿತು, "ಯಾರು?"

ಬದರಿಯ ಮೈ ಜುಮ್ಮೆಂದಿತು. ಅಮ್ಮ ಹೇಳಿದ್ದು ಸುಳ್ಳಲ್ಲ! "ನಾನು, ಬದರಿ," ಅಂದ, ವಿನಯದಿಂದ.

"ಬಾರಪ್ಪ ಒಳಗೆ!" ಅಂತು ಗೋಡೆ.

ಗೋಡೆ ಹೇಳಿದ ಹಾಗೆ ಮಾಡಬೇಕು. ಬದರಿ ಬಳೆಯನ್ನು ಸುತ್ತಿಗೆ ಗುರುತಿಗೆ ತಂದು ಒತ್ತಿದ. ಗಡಗಡಗಡ! ಇಟ್ಟಿಗೆ ಪುಡಿಪುಡಿಯಾಗಿ ಸುರಿಯಿತು. ಬೆಣ್ಣೆಗೆ ಚಾಕು ಹಾಕಿದ ಹಾಗೆ ಮಷಿನ್ನು ಹೋಯಿತು. ಆಚೆ "ಅಯ್ಯೋ!" ಅಂತ ಕೂಗು. ಬದರಿ ತೂತಿಗೆ ಬೆರಳು ತೂರಿಸಿದ. ಬೆರಳು ಮಾತ್ರ ಹೋಯಿತು. ಬಾ ಅಂದದ್ದು ಪೂರ್ತಿ ಬದರಿಯನ್ನು! ಪಕ್ಕದಲ್ಲಿ ಇನ್ನೊಂದು ಹೊಡೆದ. ಅದರ ಪಕ್ಕದಲ್ಲಿ ಮತ್ತೊಂದು. ತನ್ನ ಭುಜ ಹಿಡಿಸುವಷ್ಟು ದುಂಡಗೆ, ರೊಟ್ಟಿಯ ಅಂಚಿನ ಹಾಗೆ ಸಾಲಾಗಿ ಕೊರೆಯುತ್ತಾ ಹೋದ.

"ಲೋ ಬದರಿ! ಕಿವಿ ಪಕ್ಕಾನೇ ಬಂತಲ್ಲೋ! ಏನೋ ಮಾಡ್ತಿದ್ದೀಯಾ?"

"ಬರ್ತಾ ಇದ್ದೀನಿ ಮೇಷ್ಟ್ರೇ! ಬೆರಳು ಬಂದಿದೆ, ಮಿಕ್ಕಿದ್ದು ಬರ್ತಾ ಇದೆ!"

"ಬಾಗಿಲು ತೆರೆದಿದೆ ಕಣೋ ದಡ್ಡ! ಬಾಗಿಲಿಂದ ಬಾರೋ!"

ಕನಕಮ್ಮ ಓಡಿ ಬರುವ ಹೊತ್ತಿಗೆ ಗೋಡೆ ಜರಡಿಯಾಗಿತ್ತು. ಒಂದೊಂದು ತೂತಿನಿಂದಲೂ ಮೇಷ್ಟರ ಒಂದೊಂದು ಬೈಗುಳ ಬರುತ್ತಿತ್ತು. ಕನಕಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಬೈಯಲು ಕೂಡ ಶಕ್ತಿಯಿರಲಿಲ್ಲ, ಆದರೂ ಬೈದಳು, ಅಭ್ಯಾಸ.

"ನನ್ನ ಹೊಟ್ಟೇಲಿ ಹುಟ್ಟಿದೆಯಲ್ಲೋ! ತೂತು ಹೊಡೆದು ಹೊಡೆದು ಹಾಗೇ ಬಿಡೋದಾ? ತೂತು ಅಂದ ಮೇಲೆ ಖಾಲಿ ಬಿಡಬಾರದು! ಎಲ್ಲಿ ತೂತು ಕಂಡ್ರೂ ಪ್ಲಾಸ್ಟಿಕ್ ಪ್ಲಗ್ಗು ಹೊಡಿ, ಸ್ಕ್ರೂ ಹಾಕು, ಏನಾದ್ರೂ ತೂಗುಹಾಕು! ಖಾಲಿ ತೂತು ಬಿಟ್ಟು ಬಂದವನ ಅಂಗಡಿಗೆ ಯಾರು ಬರ್ತಾರೆ?"

"ಎಲ್ಲಿ ಕಂಡ್ರೂನಾ ಅಮ್ಮ?"

"ಎಲ್ಲಿ ಕಂಡ್ರೂ! ಆಮೇಲೆ ಮಷಿನ್ನು ಒರೆಸಿ ಪೆಟ್ಟಿಗೇಲಿಡು. ನಾಳೆ ಸಂಪತ್ತು ಬರ್ತಾನೆ. ನನ್ನ ಹಣೇಬರಹ ನಾಳೆ ನೋಡ್ಕೊಳ್ಳೋಣ."

ಬದರಿ ಸಂಜೆವರೆಗೂ ಕೂತು ಗೋಡೆಯ ತೂತಿಗೆಲ್ಲ ಪ್ಲಗ್ಗು ಹೊಡೆದ, ಸ್ಕ್ರೂ ಹಾಕಿದ, ಸೌಟು, ಜಾಲರಿ, ಲೋಟ, ಸಾರಿನಪುಡಿ ಡಬ್ಬ ಎಲ್ಲ ತೂಗುಹಾಕಿದ. ಕೊನೆಗೆ ಮಷಿನ್ನು ಒರೆಸಲು ಕೈಗೆತ್ತಿಕೊಂಡ. ಒರೆಸುತ್ತಾ ನೋಡುತ್ತಾನೆ, ಮಷಿನ್ನಿನ ಎರಡು ಪಕ್ಕೆಗೂ ಸಾಲಾಗಿ ಪುಟ್ಟ ಪುಟ್ಟ ತೂತು!

"ಛೆ ಛೆ! ಇಷ್ಟು ದೊಡ್ಡ ಕಂಪನಿಯವರು, ಖಾಲಿ ಬಿಟ್ಟಿದ್ದಾರಲ್ಲ!"

ಅಂಗಡಿಯಿಂದ ಅತಿ ಸಣ್ಣ ಪ್ಲಗ್ಗು ತಂದ, ಗಿಡ್ಡ ಸ್ಕ್ರೂ ತಂದ. ಒಂದೂ ಬಿಡದೆ ಮುಚ್ಚಿದ. ಒಂದಕ್ಕೆ ಬೀಗದ ಕೈ ತೂಗುಹಾಕಿದ. ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿ ಮಲಗಿದ.

ಶುಕ್ರವಾರ ಸಂಪತ್ತು ಬಂದ. "ಏನು ಮೇಡಂ? ಹೂಂನೋ, ಉಹೂಂನೋ?"

"ಒಂದ್ಸಲ ನನ್ನ ಕಣ್ಣಲ್ಲೇ ನೋಡಿ ಹೇಳ್ತೀನಿ," ಅಂದಳು ಕನಕಮ್ಮ. ಒಂದು ಮರದ ತುಂಡು ಕೊಟ್ಟಳು.

ಬದರಿ ಮಷಿನ್ನು ತೆಗೆದ. ಬೀಗದ ಕೈ ಕಿಣಿಕಿಣಿ ಅಂತು. ಯಾರೂ ಅತ್ತ ಗಮನ ಕೊಡಲಿಲ್ಲ. ಸ್ವಿಚ್ಚು ಒತ್ತಿದ. ಒಂದು ತೂತು ಬಿತ್ತು, ಎರಡು ಬಿತ್ತು, ಮೂರನೆಯದಕ್ಕೆ ಮಷಿನ್ನು ಗುಂಯ್ ಅಂತು. ಸುಟ್ಟ ವಾಸನೆ ಬಂತು. ನಿಂತೇಹೋಯಿತು.

ಸಂಪತ್ತಿನ ಮುಖ ಕಪ್ಪಿಟ್ಟಿತು. ಗೋವರ್ಧನ ಶೆಟ್ಟರು ಚಪ್ಪಲಿ ಕೂಡ ಹಾಕಿಕೊಳ್ಳದೆ ರಸ್ತೆ ದಾಟಿ ಬಂದರು. "ಏನಂತೆ? ಹೋಯ್ತಾ? ಪಾಪ! ಇರಲಿ ಬಿಡಿ ಸಂಪತ್ತು, ನಾನೇ ನಿಮಗೆ ಬೇಜಾರಾಗದ ಹಾಗೆ..."

"ಸ್ವಲ್ಪ ಇರಿ ಶೆಟ್ರೇ," ಅಂದಳು ಕನಕಮ್ಮ. ಅವಳ ಕಣ್ಣು ಬೀಗದ ಕೈ ಮೇಲೆ ಬಿದ್ದಿತ್ತು. "ಬದರೀ, ಇದೇನೋ?"

"ತೂತು ಖಾಲಿ ಬಿಡಬಾರದು ಅಂದೆಯಲ್ಲಮ್ಮ. ಎಲ್ಲಿ ಕಂಡ್ರೂ ಅಂದೆ!"

"ಅಯ್ಯೋ ಅದು ಗಾಳಿಯಾಡೋ ತೂತು ಕಣಪ್ಪಾ! ಮಷಿನ್ನಿನ ಮೂಗು ಅದು!" ಅಂತ ಸಂಪತ್ತು ತಲೆ ಹಿಡಿದುಕೊಂಡ.

ಕನಕಮ್ಮ ಬೈಯಲಿಲ್ಲ. ಇಕ್ಕಳ ಕೊಟ್ಟಳು. ಬದರಿ ಒಂದೊಂದೇ ಪ್ಲಗ್ಗು ಕಿತ್ತ. ಕಾಫಿ ತರಿಸಿದಳು. ಎಲ್ಲರೂ ಕುಡಿದರು. ಮಷಿನ್ನು ತಣ್ಣಗಾಯಿತು. ಆಮೇಲೆ ಎಡಗೈಯಲ್ಲಿ ತಾನೇ ಎತ್ತಿಕೊಂಡು ಸ್ವಿಚ್ಚು ಒತ್ತಿದಳು.

ಗರ್‌ರ್‌ರ್! ಏನೂ ಆಗದ ಹಾಗೆ ಓಡಿತು.

ಕನಕಮ್ಮ ಮಷಿನ್ನು ನೋಡಿದಳು, ಮಗನನ್ನು ನೋಡಿದಳು. ನಾಲ್ಕು ದಿನದ ಗೊಂದಲ ಒಮ್ಮೆಗೇ ಇಳಿಯಿತು.

"ಸಂಪತ್ತು, ಬರೆದುಕೊಳ್ಳಿ. ನನ್ನದು ಹೂಂ."

"ಹೇಗೆ ಮೇಡಂ? ಇಷ್ಟೆಲ್ಲ ಆದ ಮೇಲೆ?"

"ಇಷ್ಟೆಲ್ಲ ಆದದ್ದಕ್ಕೇ. ಗಾಳಿ ಕೊರೆದು ಕೊರೆದು ಬ್ಯಾಟರಿ ಎಷ್ಟು ಹೊತ್ತು ಬರತ್ತೆ ತಿಳೀತು, ಕೈ ನೋಯತ್ತೆ ಅಂತಾನೂ ತಿಳೀತು. ಬೀರು ದಾಟಿ ರವಿಕೆ ಸುತ್ತಿಕೊಂಡ್ರೂ ಒಳಗಿನ ಚಕ್ರದ ಹಲ್ಲು ಸವೀಲಿಲ್ಲ. ಸಲೂನಿನಲ್ಲಿ ಟರ್‌ರ್ ಅನ್ನಬೇಕಾದ ಕಡೆ ಟರ್‌ರ್ ಅಂತು. ಮೇಷ್ಟ್ರ ಗೋಡೆ ಜರಡಿ ಆಯ್ತು, ಬ್ಯಾಟರಿ ಒಂದೇ ಸಲ ತುಂಬಿಸಿದ್ದು. ಮೂಗು ಮುಚ್ಚಿದ್ರೂ ಪೂರ್ತಿ ಸುಟ್ಟುಹೋಗದೆ ತಾನೇ ನಿಂತ್ಕೊಂತು. ನನ್ನ ಮಗನ ಕೈಲಿ ಇದ್ದು ಬದುಕಿ ಬಂದಿದೆ ಅಂದ್ರೆ, ಊರಿನ ಯಾವ ಮನೆಗಾದ್ರೂ ಧೈರ್ಯವಾಗಿ ಕೊಡ್ತೀನಿ. ಕಾಂಕ್ರೀಟು ಮಾತ್ರ ನಾವು ನೋಡ್ಲಿಲ್ಲ. ಕೇಳಿದವರಿಗೆ ನೋಡ್ಲಿಲ್ಲ ಅಂತಾನೇ ಹೇಳ್ತೀನಿ."

ಶೆಟ್ಟರು ಖಾಲಿ ಲೋಟ ಇಟ್ಟು ಊಟಕ್ಕೆ ಮನೆಗೆ ಹೋದರು. ಬದರಿ ಬಾಯಿ ತೆರೆದುಕೊಂಡು ನಿಂತಿದ್ದ. ಇಷ್ಟು ದಿನ ಬೈದದ್ದನ್ನೇ ಅಮ್ಮ ಈಗ ಹೊಗಳುತ್ತಿದ್ದಾಳೆ. ಆಗ ತಪ್ಪಾಗಿದ್ದು ಈಗ ಹೇಗೆ ಸರಿಯಾಯಿತು? ಇದು ಇನ್ನೂ ಗೊಂದಲ.

ಸಂಪತ್ತು ಚೀಲದಿಂದ ಒಂದು ತಗಡಿನ ಬೋರ್ಡು ತೆಗೆದ. ಕೆಂಪು ಅಕ್ಷರ, ಮಷಿನ್ನಿನ ಚಿತ್ರ, ಕೆಳಗೆ "ಇಲ್ಲಿ ಸಿಗುತ್ತದೆ" ಅಂತ. ಕನಕಮ್ಮನಿಗೆ ಖುಷಿಯ ಭರ, ಕಾಗದಕ್ಕೆ ಎಡಗೈಯಲ್ಲಿ ರುಜು ಹಾಕುವ ಗಡಿಬಿಡಿ.

"ಬದರೀ, ಹೋಗು, ಇದನ್ನ ಹೊಡಿ. ನಮ್ಮ ಮೆಟ್ಟಿಲ ಮೇಲೆ ನಿಂತು ನೋಡು, ಎಲ್ಲಿ ಚೆನ್ನಾಗಿ ಕಾಣತ್ತೋ ಅಲ್ಲಿ ಹೊಡಿ. ಹೇಳಿಕೊಟ್ಟಿದ್ದೆಲ್ಲ ನೆನಪಿರಲಿ!"

ಬದರಿ ಮೆಟ್ಟಿಲ ಮೇಲೆ ನಿಂತ. ತಮ್ಮ ಅಂಗಡಿಯ ಹಣೆ ಕಾಣಲಿಲ್ಲ, ಅದು ತಲೆಯ ಮೇಲಿತ್ತು. ಎಡಕ್ಕೆ ನೋಡಿದ, ಬೇವಿನ ಮರ ಅಡ್ಡ. ಬಲಕ್ಕೆ ನೋಡಿದ, ಬಸ್ಸು ನಿಂತಿತ್ತು. ನೇರ ನೋಡಿದ. ಆಹಾ! ಎಷ್ಟು ಚೆನ್ನಾಗಿ ಕಾಣುತ್ತಿದೆ!

ಅಲ್ಲಿಗೆ ಹೋದ. ಎಲ್ಲ ನೆನಪಿತ್ತು. ಗಾಳಿ ಕೊರೆಯಲಿಲ್ಲ. ಮೊದಲು ತಟ್ಟಿದ, ಯಾರೂ ಬಾ ಅನ್ನಲಿಲ್ಲ, ಸದ್ಯ. ಗಟ್ಟಿ ಅಂತು. ಸುತ್ತಿಗೆ ಗುರುತಿಗೆ ತಂದ, ಎದೆ ಕೊಟ್ಟು ಒತ್ತಿದ, ಮಷಿನ್ನಿನ ಮೂಗು ಮುಚ್ಚದ ಹಾಗೆ ಹಿಡಿದ. ಪ್ಲಗ್ಗು ಹೊಡೆದ. ಬಳೆಯನ್ನು ನಂಬರಿಗೆ ತಂದು ಸ್ಕ್ರೂ ತಿರುಗಿಸಿದ, ಟರ್‌ರ್ ಅಂದ ಕೂಡಲೇ ನಿಲ್ಲಿಸಿದ. ಬೋರ್ಡು ಕೂದಲೆಳೆಯಷ್ಟೂ ಓರೆಯಿಲ್ಲ. ಕಂಬಕ್ಕೆ ನಮಸ್ಕಾರ ಹೇಳಿ ಬಂದ. ಹುಟ್ಟಿದಂದಿನಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಅವನು ಮಾಡಿರಲಿಲ್ಲ.

ಸಂಪತ್ತು ಬಸ್ಸು ಹತ್ತಿ ಹೋದ. ಕನಕಮ್ಮ ಗಲ್ಲಾದಲ್ಲಿ ನೆಟ್ಟಗೆ ಕೂತಳು. ಪಟ್ಟಣಕ್ಕೆ ಬಂದಿದ್ದ ಒಬ್ಬ ಬಡಗಿ ಬೀದಿಯಲ್ಲಿ ನಿಂತು ಬೋರ್ಡು ಓದಿದ. ಓದಿ, ನೇರ ಗೋವರ್ಧನ ಶೆಟ್ಟರ ಅಂಗಡಿಗೆ ನುಗ್ಗಿದ. ಅವನ ಹಿಂದೆ ಇನ್ನೊಬ್ಬ ಓದಿದ, ಅವನೂ ಅಲ್ಲಿಗೇ. ಮೂರನೆಯವನೂ ಅಲ್ಲಿಗೇ.

ಕನಕಮ್ಮ ಎದ್ದು ಮೆಟ್ಟಿಲಿಗೆ ಬಂದಳು. ನೋಡಿದಳು. ಬೋರ್ಡು ಶೆಟ್ಟರ ಅಂಗಡಿಯ ಕಂಬದ ಮೇಲೆ ಥಳಥಳ ಹೊಳೆಯುತ್ತಿತ್ತು. ಊಟ ಮುಗಿಸಿ ಬಂದ ಶೆಟ್ಟರು ಅದರ ಕೆಳಗೆ ಕುರ್ಚಿ ಹಾಕಿಕೊಂಡು, "ಬನ್ನಿ ಬನ್ನಿ! ಮಷಿನ್ನು ಆಮೇಲೆ ನೋಡೋಣ, ಮೊದಲು ಬೇರೆ ಏನು ಬೇಕು ಹೇಳಿ!" ಅನ್ನುತ್ತಿದ್ದರು.

"ಶೆಟ್ರೇ! ಅದು ನಂದು! ಕಿತ್ತು ಕೊಡಿ!"

"ನಾನು ಕೀಳೋಕೆ ನೋಡಿದೆ ಕನಕಮ್ಮ! ಅಲ್ಲಾಡ್ತಾನೇ ಇಲ್ಲ! ಬೇಕಾದ್ರೆ ಮಗನ್ನ ಕಳಿಸು, ಬಿಚ್ಚಿಕೊಂಡು ಹೋಗಲಿ!"

ಕನಕಮ್ಮ ಮಗನ ಕಡೆ ತಿರುಗಿದಳು. ಹೋಗು, ಕಿತ್ತು ಬಾ ಅನ್ನಲು ಬಾಯಿ ತೆರೆದಳು. ಬೋರ್ಡು ಕಿತ್ತು ಬರುತ್ತಾನೋ, ಕಂಬ ಕಿತ್ತು ಬರುತ್ತಾನೋ? ಬಾಯಿ ಮುಚ್ಚಿಕೊಂಡಳು. ಇನ್ನೊಮ್ಮೆ ತೆರೆದಳು. ಇನ್ನೊಮ್ಮೆ ಮುಚ್ಚಿದಳು.

ಬದರಿ ಕಾದ. ಬೈಗುಳವೂ ಬರಲಿಲ್ಲ, ಬುದ್ಧಿವಾದವೂ ಬರಲಿಲ್ಲ. ಬಹುಶಃ ಅಮ್ಮ ಇನ್ನೂ ಒಂದು ಸುದ್ದಿಗಾಗಿ ಕಾಯುತ್ತಿದ್ದಾಳೆ ಅನ್ನಿಸಿತು. ಹೇಳುವುದು ಮರೆತೇಹೋಗಿತ್ತಲ್ಲ! ಮಷಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಅಮ್ಮಾ! ಕಾಂಕ್ರೀಟಿಗೂ ಆಗತ್ತೆ!"